ಈಶಾಡ ಮಾವಿಗೆ ನೊಣ: ಇಡೀ ಊರಿಗೆ ಔಷಧಿ ಹೊಡೆಸಬೇಕಂತೆ, ಏನು ಮಾಡೋಣ?

ಈಶಾಡ ತೋಪು (ಅಂಕೋಲಾ ಕಡೆ)

ಮನೆ ಹಿಂದೆ ಹನ್ನೊಂದು ಈಶಾಡ ಮರ ಇದೆ. ಅಜ್ಜ ನೆಟ್ಟದ್ದು. ಅದರಲ್ಲಿ ಏಳು ಕರಿ ಈಶಾಡ. ಹೋದ ವರ್ಷ ಅರ್ಧಕ್ಕಿಂತ ಜಾಸ್ತಿ ಹಣ್ಣು ಹುಳ ಬಿದ್ದು ಹಾಳಾಯಿತು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸೂಜಿ ಚುಚ್ಚಿದಂಥ ಒಂದು ಚುಕ್ಕೆ ಅಷ್ಟೇ. ಕೊಯ್ದರೆ ಒಳಗೆಲ್ಲಾ ಬಿಳಿ ಹುಳ, ತಟ್ಟೆಗೆ ಬಿದ್ದರೆ ಟಪ್ ಅಂತ ಹಾರುತ್ತದೆ. ಮುಂಬೈಯ ನೆಂಟರಿಗೆ ಒಂದು ಪೆಟ್ಟಿಗೆ ಕಳಿಸಿ ಮರ್ಯಾದೆ ಹೋಯಿತು. ಹೆದ್ದಾರಿ ಬದಿ ಬುಟ್ಟಿ ಇಟ್ಟು ಮಾರುವ ಹಾಲಕ್ಕಿ ಅಮ್ಮ ಪ್ರತಿ ವರ್ಷ ನಮ್ಮ ಹಣ್ಣು ಒಯ್ಯುತ್ತಿದ್ದರು. ಅವರೂ "ಈ ಸಲ ಬೇಡ ತಮಾ" ಅಂದರು. 2023ರಲ್ಲಿ ಕರಿ ಈಶಾಡಕ್ಕೆ ಜಿಐ ಟ್ಯಾಗ್ ಬಂತು ಅಂತ ಕುಣಿದವರು ನಾವು. ಟ್ಯಾಗ್ ನೊಣಕ್ಕೆ ಗೊತ್ತಿಲ್ಲ.

ಈಗ ಪವರ್ ಸ್ಪ್ರೇಯರ್ ಇಟ್ಟುಕೊಂಡು ಊರೂರು ತಿರುಗುವವರೊಬ್ಬರು ಬಂದಿದ್ದಾರೆ. ಮರಕ್ಕೆ ಇಷ್ಟು ಅಂತ ದರ. ಇಡೀ ಊರಿನ ಮಾವಿಗೆ ಮೂರು ಸಲ ಹೊಡೆದರೆ ನೊಣ ನಿರ್ಮೂಲ, ಮುಂದಿನ ವರ್ಷ ಒಂದೂ ಇರಲ್ಲ ಅನ್ನುತ್ತಾರೆ. ಯಾವ ಔಷಧಿ ಅಂತ ಕೇಳಿದೆ. "ಮಿಕ್ಸ್" ಅಂದರು. ಊರಲ್ಲಿ ಮುಕ್ಕಾಲು ಪಾಲು ಜನ ಆಗಲೇ ಹೂಂ ಅಂದಿದ್ದಾರೆ. ನಾನೊಬ್ಬ ಬೇಡ ಅಂದರೆ ನನ್ನ ಮರದಿಂದಲೇ ನೊಣ ಹಬ್ಬಿತು ಅನ್ನುತ್ತಾರೆ. ಹಣ್ಣು ಬಲಿತು ನಿಂತಿದೆ, ಇನ್ನು ಎರಡು ಮೂರು ವಾರದಲ್ಲಿ ಕೊಯ್ಲು. ಗೊತ್ತಿರುವವರು ಹೇಳಿ.

ಕಲ್ಲಂಗಡಿ ಕುಮಟಾ

ಹೊಡೆಸಿ ಮಾರಾಯರೇ. ಯೋಚನೆ ಮಾಡುತ್ತಾ ಕೂತರೆ ಹುಳಕ್ಕೇ ಹಬ್ಬ.

ಕೆಂಪುಮಣ್ಣು ಶಿರಸಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿರ್ಮೂಲ ಆಗುವುದಿಲ್ಲ. ಮೂರಲ್ಲ, ಮೂವತ್ತು ಸಲ ಹೊಡೆದರೂ ಆಗುವುದಿಲ್ಲ.

ನಿಮ್ಮ ಹಣ್ಣಲ್ಲಿರುವುದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಅನ್ನುವ ಹಣ್ಣಿನ ನೊಣದ ಹುಳ. ಬಯಲುಸೀಮೆ ಮಾವಿನವರು ಊಜಿ ನೊಣ ಅನ್ನುತ್ತಾರೆ. ಇದು ಏಷ್ಯಾದ್ದೇ ನೊಣ, ನಮ್ಮ ಮಾವಿನ ಜೊತೆಗೇ ಬಂದದ್ದು. ಮಾವು ಇಲ್ಲದಾಗ ಪೇರಲೆ, ಚಿಕ್ಕು, ಕಾಡಿನ ಹಣ್ಣು ಯಾವುದಾದರೂ ಆದೀತು. ಘಟ್ಟದ ಕಾಡಿಗೆ ಯಾರು ಸ್ಪ್ರೇಯರ್ ಹೊತ್ತುಕೊಂಡು ಹೋಗುತ್ತಾರೆ?

ನಿರ್ಮೂಲ ಅನ್ನುವ ಮಾತಿಗೆ ಅರ್ಥ ಇರುವುದು ಅದು ಹೊಸದಾಗಿ ಹೊಕ್ಕ ಕಡೆ. 2003ರಲ್ಲಿ ಇದೇ ನೊಣ ಆಫ್ರಿಕಾದ ಕೀನ್ಯಾದಲ್ಲಿ ಕಾಣಿಸಿತು. ಬೇರೆ ಜಾತಿ ಅಂದುಕೊಂಡು 2005ರಲ್ಲಿ ಅದಕ್ಕೆ ಇನ್ವೇಡೆನ್ಸ್, ಅಂದರೆ ದಾಳಿ ಮಾಡುವಂಥದ್ದು ಅಂತ ಹೆಸರಿಟ್ಟರು. ಹತ್ತು ವರ್ಷ ಆದ ಮೇಲೆ, ಅಯ್ಯೋ ಇದು ಅದೇ ಡಾರ್ಸಾಲಿಸ್ ಅಂತ ಹೆಸರು ವಾಪಸ್ ತೆಗೆದುಕೊಂಡರು. ನಮ್ಮಲ್ಲಿ ಮನೆಮಗ, ಅಲ್ಲಿ ದಾಳಿಕೋರ.

ಹಾಗಾದರೆ ಎಲ್ಲೂ ನಿರ್ಮೂಲ ಮಾಡಿಲ್ಲವಾ ಅಂದರೆ, ಮಾಡಿದ್ದಾರೆ. ಪೆಸಿಫಿಕ್ ಸಾಗರದಲ್ಲಿ ರೋಟಾ ಅಂತ ಪುಟ್ಟ ದ್ವೀಪ. 1960ರ ದಶಕದಲ್ಲಿ ಅಲ್ಲಿ ಮೀಥೈಲ್ ಯೂಜಿನಾಲ್ ಮತ್ತು ವಿಷ ಹೀರಿಸಿದ ಸಣ್ಣ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿದರು. ಗಂಡು ನೊಣಕ್ಕೆ ಆ ವಾಸನೆ ಅಂದರೆ ಹುಚ್ಚು. ಬಂದು ನೆಕ್ಕುತ್ತದೆ, ಸಾಯುತ್ತದೆ. ಗಂಡಿಲ್ಲದೆ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಜಪಾನಿನ ಓಕಿನಾವಾದಲ್ಲೂ ಇದೇ ದಾರಿಯಿಂದ 1982ರ ಹೊತ್ತಿಗೆ ಮುಗಿಸಿದರು. ಅಲ್ಲಿನ ಸೌತೆ ಜಾತಿಯ ಕಾಯಿಗೆ ಬರುವ ನೊಣಕ್ಕೆ ಮಾತ್ರ ಇದು ಸಾಲಲಿಲ್ಲ. ಅದಕ್ಕೆ ಕಾರ್ಖಾನೆಯಲ್ಲಿ ನೊಣ ಸಾಕಿ, ವಿಕಿರಣ ಕೊಟ್ಟು ಬಂಜೆ ಮಾಡಿ ಬಿಡಬೇಕಾಯಿತು. 1972ರಿಂದ 1993ರವರೆಗೆ ಬಿಟ್ಟ ನೊಣ 5,000 ಕೋಟಿಗೂ ಜಾಸ್ತಿ. ಅದೂ ಸುತ್ತ ಸಮುದ್ರ ಇರುವ ದ್ವೀಪದಲ್ಲಿ. ನಿಮ್ಮ ಊರೇನು ನೇತ್ರಾಣಿ ನಡುಗಡ್ಡೆಯಾ?

ಇನ್ನೊಂದು. ಹಣ್ಣು ಬಲಿತ ಮೇಲೆ ಮರ ತೋಯುವ ಹಾಗೆ ಹೊಡೆದರೆ ಒಳಗಿನ ಹುಳ ಹಾಯಾಗಿರುತ್ತದೆ. ತಾಯಿ ನೊಣ ಸಿಪ್ಪೆ ಕೆಳಗೆ ಮೊಟ್ಟೆ ಇಟ್ಟು ಹೋಗಿ ಆಗಿದೆ. ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ, ಹುಳ ಒಂದು ವಾರ ತಿನ್ನುತ್ತದೆ, ಆಮೇಲೆ ಮಣ್ಣಿಗೆ ಇಳಿದು ಎರಡು ಮೂರು ಇಂಚು ಒಳಗೆ ಕೋಶ ಕಟ್ಟುತ್ತದೆ. ಹತ್ತು ದಿನಕ್ಕೆ ಹೊಸ ನೊಣ. ನಿಮ್ಮ ಔಷಧಿ ಮುಟ್ಟುವುದು ಹಣ್ಣಿನ ಸಿಪ್ಪೆಯನ್ನು. ಅದನ್ನು ತಿನ್ನುವುದು ಹುಳ ಅಲ್ಲ, ನಾವು. ಕರಿ ಈಶಾಡದ ಸಿಪ್ಪೆಯಂತೂ ತೆಳು, ಮಕ್ಕಳು ಕಚ್ಚಿ ಚೀಪುತ್ತಾರೆ. ಕೊಯ್ಲಿಗೆ ಎರಡು ವಾರ ಇರುವಾಗ ಹೆಸರಿಲ್ಲದ ಮಿಕ್ಸ್ ಹೊಡೆಸಬೇಡಿ. ಡಬ್ಬಿ ಮೇಲೆ ಬೆಳೆ ಹೆಸರು, ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅನ್ನುವುದು ಬರೆದಿರಲೇಬೇಕು. ಡಬ್ಬಿ ತೋರಿಸದವರನ್ನು ಅಂಗಳದಿಂದಲೇ ಕಳಿಸಿ.

ದೂರದ ಸೊಸೆ

ನಾನು ಹುಟ್ಟಿದ್ದು ಸಿದ್ದಾಪುರ, ಈಗಿರುವುದು ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್. ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ, ಕಣ್ಣಾರೆ ನೋಡಿದ್ದೇನೆ. ಇದೇ ನೊಣ ಇಲ್ಲಿ ಸಿಕ್ಕಿತು. 2024ರ ಆರಂಭದಲ್ಲಿ 2,000ಕ್ಕೂ ಜಾಸ್ತಿ ಮನೆಗಳ ಹಿತ್ತಲಿಂದ ಸರ್ಕಾರದವರು ಹಣ್ಣನ್ನೆಲ್ಲಾ ಕಿತ್ತುಕೊಂಡು ಹೋದರು. ಕಿತ್ತಳೆ, ನಿಂಬೆ, ಒಂದೂ ಬಿಡಲಿಲ್ಲ. ನಮ್ಮ ಮನೆಗೂ ಬಂದರು. ಮರ ಕಡಿಯಲಿಲ್ಲ, ಹಣ್ಣು ಮಾತ್ರ. ಚೀಲಕ್ಕೆ ತುಂಬಿದರು, ಬಾಯಿ ಕಟ್ಟಿದರು, ಒಯ್ದರು. ಅತ್ತೆ ಊರಿಂದ ಬಂದಿದ್ದರು. "ಇಷ್ಟು ಚಂದದ ಹಣ್ಣು, ಒಂದು ಉಪ್ಪಿನಕಾಯಿಗಾದರೂ ಬಿಡಿ" ಅಂತ ಕನ್ನಡದಲ್ಲೇ ಕೇಳಿದರು ಪಾಪ. ಆ ಹುಡುಗ ನಕ್ಕು ಥ್ಯಾಂಕ್ಯೂ ಅಂದ.

ಹಣ್ಣು ಹೊರಗೆ ಒಯ್ಯಬಾರದು ಅನ್ನುವ ನಿರ್ಬಂಧವನ್ನು ಅದೇ ವರ್ಷ ಆಗಸ್ಟಿನಲ್ಲಿ ತೆಗೆದರು. ಹೇಳಬೇಕು ಅನಿಸಿದ್ದು ಏನೆಂದರೆ, ಒಂದು ಮನೆಯನ್ನೂ ಬಿಡಲಿಲ್ಲ. ಬೀಗ ಹಾಕಿದ ಮನೆಯ ಹಿತ್ತಲೂ ಲೆಕ್ಕಕ್ಕೆ ಇತ್ತು.

ಸದಾಶಿವಗಡ ಸಂಜೆ

ಕ್ಯಾಲಿಫೋರ್ನಿಯಾ ಮಾತು ಬಂದದ್ದಕ್ಕೆ ಹಳೆ ಕತೆ ಒಂದು. ಅಲ್ಲಿ 1980ರಲ್ಲಿ ಮೆಡ್‌ಫ್ಲೈ ಬಂದಿತ್ತು, ಅದು ಬೇರೆ ನೊಣ, ಆಫ್ರಿಕಾ ಮೂಲದ್ದು. ಮೊದಲು ಹಣ್ಣು ಕಿತ್ತರು, ಬಂಜೆ ನೊಣ ಬಿಟ್ಟರು. ಹೊರಗಿಂದ ತರಿಸಿದ ಒಂದಷ್ಟು ನೊಣ ಬಂಜೆಯೇ ಆಗಿರಲಿಲ್ಲ ಅಂತ ಆಮೇಲೆ ಗಲಾಟೆ ಆಯಿತು. ಕೊನೆಗೆ 1981ರ ಜುಲೈನಿಂದ ಹೆಲಿಕಾಪ್ಟರಿನಲ್ಲಿ ರಾತ್ರಿ ಹೊತ್ತು ಮನೆಗಳ ಮೇಲೆ ಮ್ಯಾಲಥಿಯಾನ್ ಅನ್ನುವ ಕೀಟನಾಶಕ ಬೆರೆಸಿದ ಸಿಹಿ ಅಂಟು ಸುರಿದರು. ಜನ ಕಾರಿಗೆ ಹೊದಿಕೆ ಹಾಕಿದರು, ಬಣ್ಣಕ್ಕೆ ಕಲೆ ಬೀಳುತ್ತದೆ ಅಂತ. ಹೆದರಬೇಡಿ ಅಂತ ತೋರಿಸಲು ಬಿ.ಟಿ. ಕಾಲಿನ್ಸ್ ಅನ್ನುವ ಅಧಿಕಾರಿ ನೀರು ಬೆರೆಸಿದ ಮ್ಯಾಲಥಿಯಾನನ್ನು ಒಂದು ಲೋಟ ಕುಡಿದೇಬಿಟ್ಟರು! 1982ರಲ್ಲಿ ನೊಣ ಹೋಯಿತು ಅಂತ ಸಾರಿದರು. ಆ ಮನುಷ್ಯನಿಗೆ ಏನೂ ಆಗಲಿಲ್ಲ. ಔಷಧಿ ಅಂದ ಕೂಡಲೇ ದೆವ್ವ ಅನ್ನಬೇಡಿ, ಪ್ರಮಾಣ ನೋಡಿ ಅಂತ ನನ್ನ ಮಾತು.

ಹೊನ್ನಾವರದ ಹಳಬ

ಲೋಟದ ಕತೆ ಕೇಳಿದೆ. ನಾನೂ ಒಂದು ಹೆಲಿಕಾಪ್ಟರ್ ಕತೆ ಹೇಳುತ್ತೇನೆ.

ನಮ್ಮ ಕರಾವಳಿಯ ಗೇರು ತೋಪುಗಳ ಮೇಲೆ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲ. ಚಹಾ ಸೊಳ್ಳೆ ಅಂತ ಒಂದು ಕೀಟ, ಅದಕ್ಕೆ. ನಾವು ಶಾಲೆ ಬಿಟ್ಟು ಹೆಲಿಕಾಪ್ಟರ್ ನೋಡಲು ಓಡುತ್ತಿದ್ದೆವು. ಬಾವಿ ಮುಚ್ಚಿ ಅಂತ ಹೇಳಿದ ನೆನಪಿದೆ. ತೆಂಗಿನ ಗರಿ ಮುಚ್ಚಿದರೆ ಆಯಿತು ಅಂದುಕೊಂಡವರು ನಾವು. ಆಗಲೂ ಹೇಳುತ್ತಿದ್ದದ್ದು ಇದೇ, ಏನೂ ಆಗಲ್ಲ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲಾ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ನಮ್ಮ ಕೇರಿಯಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳು ದೊಡ್ಡವರಾಗಿದ್ದರು. ಅವರ ತಾಯಂದಿರಿಗೆ ವಯಸ್ಸಾಗಿದೆ, ಮುಂದೆ ಯಾರು ನೋಡಿಕೊಳ್ಳುವುದು ಅನ್ನುವ ಚಿಂತೆ ಅವರಿಗೆ.

ಒಂದು ಲೋಟ ಕುಡಿದವ ಒಂದು ಸಲ ಕುಡಿದ. ಬೆಳೆದ ಗಂಡಸು. ಬಸುರಿ ಹೆಂಗಸಲ್ಲ, ಕೂಸಲ್ಲ, ಬೇಸಿಗೆಯೆಲ್ಲಾ ಪಂಪ್ ಹೊತ್ತು ಹೊಡೆಯುವ ಕೂಲಿಯವ ಅಲ್ಲ.

ಸದಾಶಿವಗಡ ಸಂಜೆ

ಒಪ್ಪಿದೆ ಹಿರಿಯರೇ. ಆದರೆ ಎಂಡೋಸಲ್ಫಾನ್ ಬೇರೆ, ಮ್ಯಾಲಥಿಯಾನ್ ಬೇರೆ. ಮೊದಲನೆಯದು ವರ್ಷಗಟ್ಟಲೆ ಉಳಿಯುವಂಥದ್ದು, ಎರಡನೆಯದು ಬೇಗ ಒಡೆದು ಹೋಗುತ್ತದೆ.

ಕೆಂಪುಮಣ್ಣು ಶಿರಸಿ

ಬೇಗ ಒಡೆಯುವುದು ಹೌದು. ಆದರೆ ಒಡೆಯುವ ದಾರಿಯಲ್ಲಿ ಸ್ವಲ್ಪ ಭಾಗ ಮ್ಯಾಲಾಕ್ಸಾನ್ ಆಗುತ್ತದೆ, ಅದು ಮೂಲ ಔಷಧಿಗಿಂತ ಜೋರು. ಈ ಗುಂಪಿನ ಔಷಧಿಗಳು ನರದ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ತಡೆಯುತ್ತವೆ. ರಕ್ತ ಪರೀಕ್ಷೆಯಲ್ಲಿ ಇದನ್ನು ಅಳೆಯಬಹುದು. ಆದರೆ ಮನುಷ್ಯರಿಂದ ಮನುಷ್ಯರಿಗೆ ಮಟ್ಟ ತುಂಬಾ ವ್ಯತ್ಯಾಸ ಇರುತ್ತದೆ. ಹೊಡೆಯುವ ಸೀಸನ್ ಶುರು ಆಗುವ ಮೊದಲೇ ಒಂದು ಸಲ ಅಳೆದಿಟ್ಟಿರಬೇಕು. ಇಲ್ಲದಿದ್ದರೆ ಆಮೇಲೆ ಬಂದ ಸಂಖ್ಯೆ ಕಡಿಮೆಯಾ, ಅವನದ್ದು ಮೊದಲೇ ಅಷ್ಟಾ ಅಂತ ಹೇಳುವುದು ಹೇಗೆ? ನಮ್ಮಲ್ಲಿ ಸ್ಪ್ರೇ ಹೊಡೆಯುವ ಎಷ್ಟು ಜನರಿಗೆ ಹೀಗೆ ಮಾಡಿದ್ದಾರೆ? ನಾನು ನೋಡಿದವರಲ್ಲಿ ಒಬ್ಬರೂ ಇಲ್ಲ. ತಲೆ ಸುತ್ತಿದರೆ ಬಿಸಿಲು ಅನ್ನುತ್ತಾರೆ, ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ.

ತುಡುವೆ ಪೆಟ್ಟಿಗೆ

ನನ್ನದು ಜೇನು. ಯಲ್ಲಾಪುರ ರಸ್ತೆ ಕಡೆ, ಹನ್ನೆರಡು ಪೆಟ್ಟಿಗೆ ತುಡುವೆ, ಗೋಡೆ ಸಂದಿಯಲ್ಲಿ ಎರಡು ಮಿಸ್ರಿ ಗೂಡು. ಮೂರು ವರ್ಷದ ಹಿಂದೆ ಪಕ್ಕದ ತೋಟದಲ್ಲಿ ಮಾವು ಹೂ ಬಿಟ್ಟಾಗ ಹಗಲು ಹನ್ನೊಂದು ಗಂಟೆಗೆ ಸ್ಪ್ರೇ ಮಾಡಿದರು. ಸಂಜೆ ಪೆಟ್ಟಿಗೆ ಮುಂದೆ ರಾಶಿ. ನಾಲಿಗೆ ಹೊರಗೆ ಚಾಚಿಕೊಂಡು ಬಿದ್ದಿದ್ದವು. ಐದು ಪೆಟ್ಟಿಗೆ ಖಾಲಿ. ಜಗಳ ಆಡಲು ಹೋದೆ. "ನಮ್ಮ ಔಷಧಿಯಿಂದಲೇ ಸತ್ತದ್ದು ಅಂತ ಏನು ಗುರುತು?" ಅಂದರು. ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ.

ಆವತ್ತಿನಿಂದ ಲೆಕ್ಕ ಇಡುತ್ತೇನೆ. ದೊಡ್ಡ ವಿದ್ಯೆ ಏನಲ್ಲ. ಪೆಟ್ಟಿಗೆ ಕೆಳಗೆ ಹಳೆ ಬಿಳಿ ಪಂಚೆ ಹಾಸಿ. ದಿನಾ ಬೆಳಿಗ್ಗೆ ಅದರ ಮೇಲೆ ಬಿದ್ದ ಸತ್ತ ಜೇನುಹುಳ ಎಣಿಸಿ ಗುಡಿಸಿ. ಒಂಬತ್ತು ಗಂಟೆಗೆ ಬಾಗಿಲ ಮುಂದೆ ಐದು ನಿಮಿಷ ಕೂತು ಪರಾಗ ಹೊತ್ತು ಬರುವವನ್ನು ಎಣಿಸಿ. ಸ್ಪ್ರೇಗೆ ಒಂದು ವಾರ ಮೊದಲಿಂದ, ಆದ ಮೇಲೆ ಎರಡು ವಾರ. ಮಳೆ, ಮೋಡ ಇದ್ದ ದಿನ ಬದಿಯಲ್ಲಿ ಬರೆದಿಡಿ, ಆವತ್ತು ಹೇಗೂ ಕಡಿಮೆ ಬರುತ್ತವೆ. ಮುಖ್ಯ ಏನೆಂದರೆ, ಸ್ಪ್ರೇ ಇಲ್ಲದ ಕಡೆ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಒಂದು ಪೆಟ್ಟಿಗೆ ಇಟ್ಟು ಅದನ್ನೂ ಎಣಿಸಬೇಕು. ಎರಡೂ ಕಡೆ ಇಳಿದರೆ ಹವೆ. ಒಂದೇ ಕಡೆ ಇಳಿದರೆ ಔಷಧಿ.

ನಿಮ್ಮ ಊರಲ್ಲಿ ಜೇನು ಸಾಕಿದವರು ಇಲ್ಲದಿದ್ದರೆ ಯಾರಾದರೂ ಹೇಳಿ, ಒಂದು ಪೆಟ್ಟಿಗೆ ನಾನೇ ಕೊಡುತ್ತೇನೆ. ವಾಪಸ್ ಕೊಡಬೇಕು ಮತ್ತೆ.

ಗಜನಿ ಮನೆ

ನೀರಿನ ಮಾತು ಯಾರೂ ಎತ್ತಲಿಲ್ಲ. ನಮ್ಮದು ಅಘನಾಶಿನಿ ಬಾಯಿ. ಮೇಲಿನ ಹಿತ್ತಲಿಗೆ ಹೊಡೆದದ್ದು ಮೊದಲ ಮಳೆಗೆ ಹಳ್ಳಕ್ಕೆ ಬರುತ್ತದೆ, ಹಳ್ಳದಿಂದ ಗಜನಿಗೆ, ಅಂದರೆ ಉಪ್ಪುನೀರು ಬರುವ ಗದ್ದೆಗೆ. ಸೀಗಡಿ ಮರಿ, ಏಡಿ ಎಲ್ಲಾ ಕೀಟದ ಬಂಧುಗಳೇ. ನೊಣ ಸಾಯಿಸುವುದು ಅವನ್ನು ಬಿಡುತ್ತದಾ? ಬಳಚು (ಚಿಪ್ಪಿ) ತೆಗೆದೇ ಬದುಕುವ ಎಷ್ಟೋ ಮನೆ ಇದೆ ಇಲ್ಲಿ. 2024ರಲ್ಲಿ ಅಘನಾಶಿನಿ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಬೋರ್ಡು ಹಾಕಿದರೆ ನೀರು ತಾನಾಗಿ ಚೊಕ್ಕ ಆಗುತ್ತದಾ?

ಕಲ್ಲಂಗಡಿ ಕುಮಟಾ

ಸರಿ ಸರಿ, ನಾನೇ ಕಳ್ಳ. ಆದರೆ ನಮ್ಮ ಪಾಡು ಕೇಳಿ. ನೀವು ಹೇಳಿದಂಥ ವಾಸನೆ ಇಟ್ಟು ಗಂಡು ನೊಣ ಹಿಡಿಯುವ ಮೋಹಕ ಬಲೆ ನಾನೂ ಹಾಕಿದ್ದೆ. ಗದ್ದೆ ಕೊಯ್ಲಾದ ಮೇಲೆ ಹಾಗಲ, ಹೀರೆ, ಮೊಗೆಕಾಯಿ ಹಾಕುತ್ತೇನೆ. ಆರು ಬಲೆ ತಂದೆ. ಒಂದು ತಿಂಗಳಲ್ಲಿ ನಾಲ್ಕು ನೊಣ ಬಿತ್ತು. ಹಾಗಲಕಾಯಿ ಎಲ್ಲಾ ಸೊಟ್ಟಗಾಗಿ ಹಳದಿ ಬಂದು ಕೊಳೆಯಿತು. ಆ ಮೇಲೆ ನಾನು ಬಲೆ ಮಾತು ನಂಬುವುದಿಲ್ಲ.

ಕೆಂಪುಮಣ್ಣು ಶಿರಸಿ

ನಿಮಗೆ ಅಂಗಡಿಯವರು ಮಾವಿನ ಲೂರ್, ಅಂದರೆ ಮಾವಿನ ನೊಣ ಸೆಳೆಯುವ ವಾಸನೆ ಕೊಟ್ಟಿದ್ದಾರೆ, ಬೆಟ್ ಕಟ್ಟುತ್ತೇನೆ. ಮಾವು, ಪೇರಲೆ, ಚಿಕ್ಕಿನ ನೊಣಕ್ಕೆ ಮೀಥೈಲ್ ಯೂಜಿನಾಲ್. ಸೌತೆ, ಹಾಗಲ, ಹೀರೆಗೆ ಬರುವುದು ಬೇರೆ ನೊಣ, ಅದಕ್ಕೆ ಕ್ಯೂ ಲೂರ್. ಅದಲು ಬದಲಾದರೆ ಬಲೆ ಸುಮ್ನೆ ನೇತಾಡುತ್ತದೆ.

ಸರಿಯಾದ ಲೂರ್ ಹಾಕಿದವರೂ ಒಂದು ವಿಷಯ ತಿಳಿದಿರಿ. ಬಲೆಗೆ ಬೀಳುವುದು ಗಂಡು. ಕಾಯಿ ಚುಚ್ಚುವುದು ಹೆಣ್ಣು. ಒಂದು ಗಂಡು ಉಳಿದರೂ ಎಷ್ಟೋ ಹೆಣ್ಣಿಗೆ ಸಾಕು. ಹೆಣ್ಣು ಪಕ್ಕದ ತೋಟದಲ್ಲಿ ಕೂಡಿಕೊಂಡು ನಿಮ್ಮಲ್ಲಿಗೆ ಬಂದು ಮೊಟ್ಟೆ ಇಡುತ್ತದೆ. ಒಬ್ಬರ ತೋಟದಲ್ಲಿ ಎರಡು ಬಲೆ ಹಾಕಿದರೆ ನೊಣ ಇದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ, ಅಷ್ಟೇ. ಕಡಿಮೆ ಆಗಬೇಕಾದರೆ ಊರಿಗೆ ಊರೇ, ಕಾಯಿ ಲಿಂಬೆ ಗಾತ್ರ ಇರುವಾಗಲೇ ಹಾಕಬೇಕು. ಹಾಗಲಕ್ಕೆ ಹೂ ಉದುರಿದ ಕೂಡಲೇ ಹಳೆ ಪೇಪರ್ ಚೀಲ ಕಟ್ಟಿ ನೋಡಿ. ಕೈಕೆಲಸ ಜಾಸ್ತಿ, ಆದರೆ ಅದಕ್ಕಿಂತ ಗ್ಯಾರಂಟಿ ಬೇರೆ ಇಲ್ಲ.

ಔಷಧಿ ಬೇಕೇ ಬೇಕು ಅಂದರೆ ಮರ ತೋಯಿಸಬೇಡಿ. ಬೆಲ್ಲದ ನೀರಿಗೆ ಶಿಫಾರಸು ಮಾಡಿದ ಔಷಧಿ ಅಳತೆಯಲ್ಲಿ ಬೆರೆಸಿ ಕಾಂಡಕ್ಕೆ, ಕೆಳಗಿನ ಎಲೆಗೆ ಅಲ್ಲೊಂದು ಇಲ್ಲೊಂದು ಚಿಮುಕಿಸಿದರೆ ಸಾಕು. ಮೊಟ್ಟೆ ಇಡುವ ಮೊದಲು ಹೆಣ್ಣಿಗೆ ತಿನ್ನಲು ಬೇಕು, ಹುಡುಕಿಕೊಂಡು ಬರುತ್ತದೆ. ಸ್ಪಿನೋಸಾಡ್ ಅಂತ ಬರುತ್ತದೆ, ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಡಿದ್ದು. ಅದೂ ಹಸಿ ಇರುವಾಗ ಜೇನಿಗೆ ವಿಷವೇ. ಸಂಜೆ ಜೇನು ಮನೆ ಸೇರಿದ ಮೇಲೆ ಹಾಕಿ, ಬೆಳಿಗ್ಗೆಗೆ ಒಣಗಿರುತ್ತದೆ.

ಚಗಳಿ ಚಟ್ನಿ

ನಮ್ಮ ಮರದಲ್ಲಿ ಚಗಳಿ ಇರುವೆ ಗೂಡು ಇದ್ದ ಕೊಂಬೆಯ ಹಣ್ಣಿಗೆ ಹುಳ ತೀರಾ ಕಡಿಮೆ. ಹತ್ತುವಾಗ ಕಚ್ಚಿ ಕಚ್ಚಿ ಜೀವ ತೆಗೆಯುತ್ತವೆ, ಅದಕ್ಕೆ ಎಲ್ಲರೂ ಗೂಡು ಸುಡುತ್ತಾರೆ. ನಾನು ಸುಡುವುದಿಲ್ಲ. ಬೂದಿ ಮೈಕೈಗೆ ಹಚ್ಚಿಕೊಂಡು ಹತ್ತುತ್ತೇನೆ.

ಕೆಂಪುಮಣ್ಣು ಶಿರಸಿ

ಇದು ಅಜ್ಜಿ ಕತೆ ಅಲ್ಲ, ಗಮನಿಸಿ. ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಪುಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿನದು ನಮ್ಮ ಚಗಳಿಯ ದಾಯಾದಿ. ಇರುವೆ ಇದ್ದ ಮರದಲ್ಲಿ ಹುಳ ಬಿದ್ದ ಹಣ್ಣು ಕಡಿಮೆ. ನೊಣ ಅಲ್ಲಿ ನಿಶ್ಚಿಂತೆಯಿಂದ ಕೂತು ಮೊಟ್ಟೆ ಇಡಲು ಆಗುವುದಿಲ್ಲ. ಮಿಕ್ಸ್ ಹೊಡೆದರೆ ಮೊದಲು ಸಾಯುವುದು ಈ ಕಾವಲುಗಾರರೇ. ನೊಣದ ಮೊಟ್ಟೆ, ಹುಳದೊಳಗೆ ತಮ್ಮ ಮೊಟ್ಟೆ ಇಡುವ ಸಣ್ಣ ಕಣಜಗಳೂ ಹೋಗುತ್ತವೆ.

ಅವರ್ಸಾ ಅಕ್ಕ

ತುಳಸಿ ಎಲೆ ಜಜ್ಜಿ ನೀರಿಗೆ ಹಾಕಿ ತೆಂಗಿನ ಚಿಪ್ಪಿನಲ್ಲಿ ಇಟ್ಟರೆ ನೊಣ ಬರುತ್ತದೆ ಅನ್ನುತ್ತಾರಲ್ಲ, ನಿಜವಾ?

ಕೆಂಪುಮಣ್ಣು ಶಿರಸಿ

ನಿಜ. ತುಳಸಿಯಲ್ಲೂ ಮೀಥೈಲ್ ಯೂಜಿನಾಲ್ ಇದೆ. ದಿನಾ ಹೊಸದಾಗಿ ಜಜ್ಜಬೇಕು, ವಾಸನೆ ಬೇಗ ಹೋಗುತ್ತದೆ. ನೊಣ ಇದೆಯಾ ನೋಡಲು ಸಾಕು.

ಈಶಾಡ ತೋಪು (ಅಂಕೋಲಾ ಕಡೆ)

ಎಲ್ಲರಿಗೂ ದೊಡ್ಡ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ, ಮಳೆ ಶುರುವಾಗಿ ಕರೆಂಟೇ ಇರಲಿಲ್ಲ.

ಏನಾಯಿತು ಹೇಳುತ್ತೇನೆ. ಸ್ಪ್ರೇಯವರಿಗೆ ಡಬ್ಬಿ ತೋರಿಸಿ ಅಂದೆವು. ನಾಳೆ ತರುತ್ತೇನೆ ಅಂತ ಹೋದವರು ಬರಲೇ ಇಲ್ಲ. ಊರಲ್ಲಿ ಇಪ್ಪತ್ತಮೂರು ಮನೆ ಮಾವು ಇದೆ, ಹದಿನೇಳು ಮನೆಯವರು ಒಟ್ಟಾದೆವು. ಬಲೆ ಕಟ್ಟಿದೆವು. ತಡ ಆಗಿತ್ತು ಅಂತ ಗೊತ್ತು, ಆದರೂ ಒಂದೊಂದರಲ್ಲೂ ಬೆಲ್ಲದ ಪುಡಿ ಹಾಗೆ ನೊಣ ತುಂಬಿತು. ನನ್ನ ಮಗಳು ಎಣಿಸಲು ಕೂತು ಇನ್ನೂರಕ್ಕೆ ಸಾಕು ಮಾಡಿದಳು. ಜಾಸ್ತಿ ಕೆಲಸ ಆದದ್ದು ಬಿದ್ದ ಹಣ್ಣು ಹೆಕ್ಕುವುದರಲ್ಲಿ. ಮೊದಲು ಸುಮ್ನೆ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆವು. ಅಂದರೆ ನಾವೇ ನೊಣ ಸಾಕುತ್ತಿದ್ದೆವು, ಅಲ್ವಾ? ಈಗ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗೆ ಒಂದು ವಾರ. ಆಮೇಲೆ ಎರಡು ಅಡಿ ಗುಂಡಿ. ಮೊದಲ ಮಳೆ ಬಿದ್ದ ಮೇಲೆ ಮಾವು ತಿನ್ನಬಾರದು, ಹುಳ ಇರುತ್ತದೆ ಅಂತ ಅಜ್ಜಿ ಹೇಳುತ್ತಿದ್ದಳು. ಮಳೆ ಹುಳ ತರುತ್ತದೆ ಅಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಬಿದ್ದ ಹಣ್ಣಿಂದ ಹುಟ್ಟಿದ ಪೀಳಿಗೆ ಮೇಲೆದ್ದು, ಮಣ್ಣು ತೇವ ಆಗಿ ಅವಕ್ಕೆ ಸುಗ್ಗಿ ಅಂತ ಈಗ ಅರ್ಥ ಆಯಿತು.

ಫಲ ಹೇಗೆ ಅಂದರೆ, ಹೋದ ವರ್ಷದಷ್ಟು ಕೆಟ್ಟಿಲ್ಲ. ಪೂರ್ತಿ ಒಳ್ಳೆಯದೂ ಇಲ್ಲ. ರಸ್ತೆ ಕಡೆಯ ಮರಗಳಲ್ಲಿ ಹುಳ ಅಪರೂಪ, ಹಾಲಕ್ಕಿ ಅಮ್ಮ ಬುಟ್ಟಿ ತುಂಬಾ ಒಯ್ದರು. ಪಡುವಣ ಬೇಲಿ ಕಡೆಯ ಮೂರು ಮರದ ಹಣ್ಣು ಮಾತ್ರ ಹೋದ ವರ್ಷದ ಹಾಗೇ ಹಾಳು. ಜೇನು ಪೆಟ್ಟಿಗೆ ಕೊಟ್ಟವರಿಗೆ ಹೇಳಬೇಕು, ಪಂಚೆ ಮೇಲೆ ದಿನಾ ಬೀಳುವುದು ಬೆರಳೆಣಿಕೆ. ಮುಂದಿನ ವರ್ಷ ಯಾರಾದರೂ ಸ್ಪ್ರೇ ಹೊಡೆದರೆ ಹೋಲಿಸಲು ನನ್ನ ಹತ್ತಿರ ಒಂದು ಪಟ್ಟಿ ಇದೆ.

ಪಡುವಣ ಬೇಲಿ ಆಚೆಗೆ ಯಾಕೆ ಹೀಗೆ ಅಂತ ನೋಡಿದೆ. ಅದು ಬೀಗ ಹಾಕಿದ ಹಿತ್ತಲು. ಮನೆಯವರು ಮುಂಬೈಯಲ್ಲಿ. ದೊಡ್ಡ ದೊಡ್ಡ ಮರ ಎಂಟು, ಕೆಳಗೆ ಹಣ್ಣು ಕಾಲಿಡಲು ಜಾಗ ಇಲ್ಲದ ಹಾಗೆ ಕೊಳೆತು ಬಿದ್ದಿದೆ, ಗುಂಯ್ ಅಂತ ನೊಣ. ಬೇಲಿ ಹಾರಿ ಹೋಗಲು ಮನಸ್ಸು ಬರುವುದಿಲ್ಲ. ಫೋನ್ ನಂಬರ್ ಯಾರ ಹತ್ತಿರವೂ ಇಲ್ಲ. ನಮ್ಮ ಹದಿನೇಳು ಮನೆ ಕೆಲಸವನ್ನು ಆ ಒಂದು ಹಿತ್ತಲು ನುಂಗುತ್ತಿದೆ.

ದೂರದ ಸೊಸೆ

ನಾನು ಹೇಳಿದ್ದೆ ನೋಡಿ, ಬೀಗದ ಮನೆ.

ಅವರ್ಸಾ ಅಕ್ಕ

ಗೇಟಿನ ಹತ್ತಿರ ನಾಗಬನ, ಒಳಗೆ ಹಂಚು ಕುಸಿದ ಕೊಟ್ಟಿಗೆ ಇರುವ ಹಿತ್ತಲಾ?

ಈಶಾಡ ತೋಪು (ಅಂಕೋಲಾ ಕಡೆ)

ಹೌದು, ಅದೇ! ನಿಮಗೆ ಹೇಗೆ ಗೊತ್ತು?

ಅವರ್ಸಾ ಅಕ್ಕ

ನಮ್ಮ ದೊಡ್ಡಪ್ಪನ ಮನೆ ಅದು. ಬೀಗದ ಕೈ ನಮ್ಮ ಮನೆಯ ದೇವರ ಗೂಡಿನಲ್ಲಿದೆ. ನಾಗರಪಂಚಮಿಗೆ ಮಾತ್ರ ತೆಗೆಯುವುದು. ಇವತ್ತೇ ಮುಂಬೈಗೆ ಫೋನ್ ಮಾಡಿ ಕೇಳುತ್ತೇನೆ, ಬೇಡ ಅನ್ನಲಿಕ್ಕಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಚೀಲ ನೀವು ತನ್ನಿ, ದಪ್ಪದ್ದು.